ಅವ್ವನ್ನ ಬೀದರ್ ಗುರುನಾನಕ ಝೀರಾಕ್ಕ ಕರ್ಕೊಂಡು ಹೋಗ್ಬೇಕು, ನಾವು ಸಿಖ್ಖರಲ್ಲ, ಗೊತ್ತಿದ್ದೋರು ಹೇಳ್ರಿ

ಕಲಬುರಗಿ ಮಗಳು:

ಎಲ್ಲಾರಿಗೂ ಶರಣು ಶರಣಾರ್ಥಿ. ನಮ್ಮವ್ವಗ ಈಗ 68 ವರ್ಷ, ಮೊಣಕಾಲು ನೋವು ಭಾಳ ಅದಾ, ಆದ್ರೂ ಮೂರು ತಿಂಗಳಿಂದ ಒಂದೇ ಮಾತು ಹಿಡಿದಾಳ, ಬೀದರ್‌ಗೆ ಹೋಗಿ ಸಿಖ್ಖರ ಗುರುದ್ವಾರ ಝೀರಾದ ನೀರು ಕುಡಿದು ಬರಬೇಕು ಅಂತ. ಯಾಕ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮಪ್ಪಾರು ಲಾರಿ ಡ್ರೈವರ್ ಇದ್ರು. ಶಹಾಬಾದ್ ಕಲ್ಲು ಹೇರ್ಕೊಂಡು ನಾಂದೇಡ ಕಡೆ ಹೋಗೋರು, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಬೀದರ್‌ದಾಗ ಗಾಡಿ ನಿಂದ್ರಿಸಿ ಝೀರಾದಾಗ ಜಳಕಾ ಮಾಡಿ ಉಂಡು ಬರೋರು, ಅವರಿಗೆ ಆ ಜಾಗಾ ತೋರಿಸಿದ್ದು ಒಬ್ಬ ಪಂಜಾಬಿ ಡ್ರೈವರ್ ಅಂತ. ಬರುವಾಗ ಒಂದು ಐದು ಲೀಟರ್ ಬಿಳಿ ಕ್ಯಾನಿನಾಗ ನೀರು ತುಂಬ್ಕೊಂಡು ಬರ್ತಿದ್ರು, ಅವ್ವ ಅದನ್ನ ನಮಗೆಲ್ಲಾ ಒಂದೊಂದು ಗ್ಲಾಸ್ ಅಳತಿ ಮಾಡಿ ಕೊಡಾಕಿ. ಅಪ್ಪ ಅವ್ವಗ ಯಾವಾಗ್ಲೂ ಅನ್ನೋರು, ಒಂದ್ಸಲ ನಿನ್ನ ಕರ್ಕೊಂಡು ಹೋಗ್ತೀನಿ, ದಿನಾ ನೀನೇ ಎಲ್ಲಾರಿಗೂ ನೀಡ್ತಿ, ಅಲ್ಲಿ ನೀ ಸುಮ್ನ ಕುಂತ್ರ ಸಾಕು ನಿನಗ ಬ್ಯಾರೆದೋರು ನೀಡ್ತಾರ ಅಂತ. ಕರ್ಕೊಂಡು ಹೋಗಲಿಕ್ಕ ಆಗ್ಲೇ ಇಲ್ಲ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಆ ಕ್ಯಾನ್ ಇನ್ನೂ ಅಟ್ಟದ ಮ್ಯಾಲ ಅದಾ, ಮೊನ್ನೆ ಅವ್ವ ತಾನೇ ಇಳಿಸಿ ತೊಳೆದು ಬಿಸಲಾಗ ಇಟ್ಟಾಳ.

ಈಗ ನನ್ನ ಪ್ರಶ್ನೆ ಏನಂದ್ರ, ನಾವು ಲಿಂಗಾಯತರು, ಅವ್ವ ಕೊರಳಾಗ ಲಿಂಗ ಕಟ್ಕೊಂಡಾಳ, ಪೂಜಿ ಆಗದ ಬಾಯಾಗ ಹನಿ ನೀರು ಹಾಕಂಗಿಲ್ಲ, ಅಂಥಾಕಿ ಗುರುದ್ವಾರದೊಳಗ ಹೋಗಬಹುದಾ, ಯಾರರೆ ಏನರೆ ಅಂತಾರಾ, ಊಟಕ್ಕ ರೊಕ್ಕ ಕಟ್ಟಬೇಕಾ, ಕಾಯಿ ಕರ್ಪೂರ ಒಯ್ಯಬೇಕಾ, ಮೆಟ್ಟಿಲು ಎಷ್ಟವ, ಬಸ್ಸು ಛಲೋನಾ ರೈಲು ಛಲೋನಾ. ಇನ್ನೊಂದು, ಅವ್ವ ಎಲಿ ಅಡಿಕಿ ಜೋಡಿ ತಂಬಾಕ ಹಾಕ್ಕೊಳ್ತಾಳ, ಅದು ಅಲ್ಲಿ ನಡಿಯಂಗಿಲ್ಲ ಅಂತ ಕೇಳೀನಿ, ಖರೇನಾ? ಅಪ್ಪನ ಹೆಸರಿನ ಮ್ಯಾಲ ಅಲ್ಲಿ ಏನರೆ ಸೇವಾ ಮಾಡಬೇಕಂತ ಆಕಿ ಮನಸ್ಸು, ಅದ್ಹೆಂಗ ಅಂತನೂ ಹೇಳ್ರಿ.

ಬೀದರ್ ಊರಾಗಿನಾಂವ:

ಅಕ್ಕಾರ ನಮಸ್ಕಾರ. ನಿಮ್ಮ ಅಪ್ಪಾರ ಮಾತು ಓದಿ ಎದಿ ತುಂಬಿ ಬಂತು. ಝೀರಾ ನಮ್ಮ ಮನಿಗೆ ನಡ್ಕೊಂಡು ಹೋಗೋ ದೂರ, ಸಣ್ಣಾಂವ ಇದ್ದಾಗಿಂದ ಹೋಗ್ತೀನಿ, ನಾವೂ ಸಿಖ್ಖರಲ್ಲ. ಯಾರೂ ನೀವು ಯಾರು, ಯಾವ ಊರು, ಯಾವ ಜಾತಿ ಅಂತ ಕೇಳಂಗಿಲ್ಲ, ಇವತ್ತಿನ ತನಕ ನನ್ನ ಒಬ್ರೂ ಕೇಳಿಲ್ಲ. ಅವ್ವಾರ ಕೊರಳಾಗಿನ ಲಿಂಗ ಕೊರಳಾಗೇ ಇರಲಿ, ಅದಕ್ಕೇನೂ ಅಡ್ಡಿ ಇಲ್ಲ. ಪೂಜಿ ಮುಂಜಾನಿ ಮನ್ಯಾಗೇ ಮುಗಿಸ್ಕೊಂಡು ಹೊಂಡ್ರಿ.

ತಲಿ ಮ್ಯಾಲ ಬಟ್ಟಿ ಇರಬೇಕು, ಗಂಡಸರಿಗೂ ಹೆಂಗಸರಿಗೂ ಸಣ್ಣ ಹುಡುಗರಿಗೂ. ಅವ್ವಾರಿಗೆ ಸೆರಗು ಸಾಕು ಆದ್ರ ಜಾರದಂಗ ಒಂದು ಪಿನ್ ಹಾಕ್ರಿ, ಬಗ್ಗಿ ನಮಸ್ಕಾರ ಮಾಡುವಾಗ ಜಾರ್ತದ. ಗಂಡಸರು ಯಾರರೆ ಬರೋರಿದ್ರ ಟೋಪಿ ಬ್ಯಾಡ, ದಸ್ತಿ ಕಟ್ಕೊಳ್ರಿ. ಚಪ್ಪಲಿ ಬಿಡೋ ಜಾಗಾ ಬ್ಯಾರೆ ಅದಾ, ಅಲ್ಲಿ ಚಪ್ಪಲಿ ತಗೊಂಡು ಇಡೋರು ಪಗಾರ ತಗೊಳ್ಳೋ ಮಂದಿ ಅಂತ ತಿಳ್ಕೋಬ್ಯಾಡ್ರಿ, ದೊಡ್ಡ ದೊಡ್ಡ ಮನಿಯವರು ಬಂದು ಸೇವಾ ಅಂತ ಮಂದಿ ಚಪ್ಪಲಿ ಒರಸ್ತಾರ. ಕೈ ಕಾಲು ತೊಳ್ಕೊಂಡು ಒಳಗ ಹೋಗೋದು.

ತಂಬಾಕಿನ ಮಾತು ಖರೇ ಅದಾ ಅಕ್ಕಾರ, ಇದೊಂದು ಗಟ್ಟಿಯಾಗಿ ನೆನಪಿಡ್ರಿ. ಬೀಡಿ, ಸಿಗರೇಟ್, ಗುಟ್ಕಾ, ತಂಬಾಕ, ಶೆರೆ, ಯಾವುದೂ ಆವರಣದಾಗ ನಡಿಯಂಗಿಲ್ಲ, ಸಂಚ್ಯಾಗ ಇಟ್ಕೊಂಡು ಹೋಗೋದೂ ತಪ್ಪು. ಅವ್ವಾರ ಎಲಿ ಅಡಿಕಿ ಸಂಚಿ ಮನ್ಯಾಗೇ ಬಿಟ್ಟು ಬರ್ರಿ, ಬಾಯಿ ತೊಳಸ್ರಿ.

ಬಸ್ಸು ರೈಲು ಎರಡೂ ಅವ. ಬಸ್ಸು ಹುಮನಾಬಾದ್ ಮ್ಯಾಲ ಬರ್ತದ, ಆಧಾರ್ ಕಾರ್ಡ್ ಇದ್ರ ನಿಮಗೂ ಅವ್ವಾರಿಗೂ ಶಕ್ತಿ ಯೋಜನೆದಾಗ ಟಿಕೆಟ್ ಇಲ್ಲ. ಆದ್ರ ಮೊಣಕಾಲು ನೋವಂತೀರಿ, ಕಾಲು ಮಡಚ್ಕೊಂಡೇ ಕೂಡೋದು ಕಷ್ಟ ಆಗ್ತದ, ನನ್ನ ಕೇಳಿದ್ರ ರೈಲು. 2017ರಾಗ ಕಲಬುರಗಿ ಬೀದರ್ ಲೈನ್ ಚಾಲೂ ಆದಮ್ಯಾಲ ಭಾಳ ಅನುಕೂಲ ಆಗ್ಯಾದ, 110 ಕಿ.ಮೀ. ಹಾದಿ, ಕಾಲು ಚಾಚ್ಕೊಂಡು ಬರಬಹುದು. ಹೊಂಡೋಕಿಂತ ಮೊದಲು ಟೈಮ್ ನೋಡ್ಕೊಳ್ರಿ, ಬದಲಾಗ್ತಿರ್ತದ. ಇಲ್ಲಿ ಇಳಿದಮ್ಯಾಲ ಆಟೋದವರಿಗೆ ಝೀರಾ ಅಂದ್ರ ಸಾಕು, ಕೂಡೋಕಿಂತ ಮೊದಲು ರೇಟ್ ಮಾತಾಡ್ರಿ.

ಮೆಟ್ಟಿಲು ಅವ, ಅವಸರ ಮಾಡಬ್ಯಾಡ್ರಿ. ಮೆಟ್ಟಿಲಿನ ಮುಂದೇ ಅಮೃತಕುಂಡ ಅದಾ, ಝರಿ ನೀರು ಬಂದು ಅಲ್ಲಿ ಕೂಡ್ತದ. ಮೊದಲು ಅಲ್ಲಿ ಸ್ವಲ್ಪ ಹೊತ್ತು ಕುಂಡ್ರಿಸಿ ಆಮ್ಯಾಲ ದರಬಾರಕ್ಕ, ಅಂದ್ರ ಸಿಖ್ಖರ ಪವಿತ್ರ ಗ್ರಂಥ ಗ್ರಂಥಸಾಹಿಬ್ ಇಟ್ಟಿರೋ ಸಭಾಮಂಟಪಕ್ಕ, ಕರ್ಕೊಂಡು ಹೋಗ್ರಿ. ಸೇವಾದಾರರಿಗೆ ಒಂದು ಮಾತು ಹೇಳ್ರಿ, ವಯಸ್ಸಾದೋರಿಗೆ ಭಾಳ ಕಾಳಜಿ ಮಾಡ್ತಾರ.

ಯಾದಗಿರಿ ಹುಡುಗ:

ಮ್ಯಾಲಿನ ಅಣ್ಣಾರು ಹೇಳಿದ್ದೆಲ್ಲಾ ಬರೋಬ್ಬರಿ ಅದಾ. ನಾನೊಂದು ಮಾತು ಕೂಡಸ್ತೀನಿ, ಹಬ್ಬದ ದಿನ ಹೋಗಬ್ಯಾಡ್ರಿ ಅಕ್ಕಾರ. ಕಾರ್ತಿಕ ಹುಣ್ಣಿಮೆಗೆ ಗುರುನಾನಕ ಜಯಂತಿ ಇರ್ತದಲ್ಲ, ನಾವು ನಾಲ್ಕು ಮಂದಿ ಗೆಳ್ಯಾರು ಆವತ್ತೇ ಹೋಗಿದ್ವಿ, ಪಂಜಾಬ, ಮಹಾರಾಷ್ಟ್ರ, ಹೈದರಾಬಾದ್ ಎಲ್ಲಾ ಕಡಿಂದ ಮಂದಿ, ಉಳಕೊಳ್ಳಲಿಕ್ಕ ರೂಮೇ ಸಿಗಲಿಲ್ಲ. ನೋಡ್ಲಿಕ್ಕ ಭಾಳ ಛಂದ ಇತ್ತು ಅನ್ನೋದು ಬ್ಯಾರೆ ಮಾತು, ಆದ್ರ ಕಾಲು ನೋವಿನವರಿಗೆ ಆ ಗದ್ದಲ ಆಗಂಗಿಲ್ಲ. ವಾರದ ನಡುವಿನ ದಿನ ಹೋಗ್ರಿ.

ಆವತ್ತು ನನ್ನಿಂದ ಒಂದು ತಪ್ಪಾಗಿತ್ತು, ಅದನ್ನೂ ಹೇಳಿಬಿಡ್ತೀನಿ. ದರಬಾರದಾಗ ಗ್ರಂಥ ಓದೋ ಪಾಠ ನಡೆದಿತ್ತು, ನಾ ಫೋನ್ ತೆಗೆದು ವಿಡಿಯೋ ಹೊಡೀಲಿಕ್ಕ ಹತ್ತಿದೆ, ಹೊಡಕೋತ ಹೊಡಕೋತ ಗ್ರಂಥಸಾಹಿಬ್‌ಗೆ ಬೆನ್ನು ಮಾಡಿ ನಿಂತುಬಿಟ್ಟಿದ್ದೆ. ಒಬ್ರು ಅಜ್ಜಾರು ಬಂದು ಬೈಲಿಲ್ಲ ಏನಿಲ್ಲ, ಎರಡೂ ಕೈ ಮುಗಿದು ಬೇಟಾ ಬೈಠ್ ಜಾವೋ ಅಂದ್ರು ಅಷ್ಟೇ. ಬೈದಿದ್ರ ಮರೀತಿದ್ದೆ. ಅವರಿಗೆ ಅದು ಪುಸ್ತಕ ಅಲ್ಲ, ಜೀವಂತ ಗುರು ಅಂತ ಆಮ್ಯಾಲ ತಿಳಿದೆ, ಬಿಸಲಿನಾಗ ಗುರುಗಳಿಗೆ ಗಾಳಿ ಬೀಸಿದಂಗ ಅದಕ್ಕ ಚಾಮರ ಬೀಸ್ತಾರ, ರಾತ್ರಿ ಮಲಗಿಸಲಿಕ್ಕ ಬ್ಯಾರೆ ಖೋಲಿನೇ ಅದಾ. ಅದಕ್ಕ ಬೆನ್ನು ಮಾಡಬಾರದು, ಅದರ ಕಡೆ ಕಾಲು ಚಾಚಬಾರದು. ಅವ್ವಾರಿಗೆ ಕಾಲು ಮಡಚಲಿಕ್ಕ ಆಗಲಿಲ್ಲಂದ್ರ ಬಾಜೂಕ ತಿರುಗಿ ಕೂಡಸ್ರಿ.

ನನಗೂ ಒಂದು ಪ್ರಶ್ನೆ ಅದಾ, ಗೊತ್ತಿದ್ದ ಹಿರ್ಯಾರು ಹೇಳ್ರಿ. ಗುರುನಾನಕರು ಕಾಲಿಲೆ ಕಲ್ಲು ಸರಿಸಿದ್ರ ನೀರು ಬಂತು ಅಂತಾರಲ್ಲ, ಬೀದರ್ ಅಷ್ಟು ಎತ್ತರದ ಮ್ಯಾಲ ಅದಾ, ಬ್ಯಾಸಗ್ಯಾಗ ನಮ್ಮ ಯಾದಗಿರಿಯಾಗ ಹೊಳಿ ಬಾಜೂಕಿನ ಊರಿಗೇ ನೀರಿಲ್ಲ, ಅಲ್ಲಿ ಗುಡ್ಡದ ಕಲ್ಲಾಗಿಂದ ನೀರು ಹ್ಯಾಂಗ ಬಂತು?

ಹುಮನಾಬಾದ್ ಮಾಸ್ತರ:

ತಂಗೆವ್ವಾ, ನಾ ನಿವೃತ್ತ ಶಾಲಿ ಮಾಸ್ತರ, ಹುಡುಗರನ್ನ ಎಷ್ಟು ಸಲ ಝೀರಾಕ್ಕ ಟ್ರಿಪ್ ಕರ್ಕೊಂಡು ಹೋಗೀನಿ ಲೆಕ್ಕ ಇಲ್ಲ. ಮೊದಲು ನಿಮಗೊಂದು ಮಾತು, ನಿಮ್ಮವ್ವಾರು ಹೊಂಟಿದ್ದು ಪರಊರಿನ ದೇವರ ಕಡೆ ಅಂತ ತಿಳ್ಕೋಬ್ಯಾಡ್ರಿ. ನಮ್ಮ ನೆಲದಾಗ ಇದಕ್ಕ 500 ವರ್ಷದ ಬೇರು ಅದಾ.

ಗುರುನಾನಕರು ಹುಟ್ಟಿದ್ದು 1469ರಾಗ. ದೇಶ ತಿರುಗಲಿಕ್ಕ ಹೊಂಟ್ರು, ಆ ತಿರುಗಾಟಕ್ಕ ಅವರು ಉದಾಸಿ ಅಂತಾರ. ಎರಡನೇ ಉದಾಸಿದಾಗ, 1510ರಿಂದ 1514ರ ನಡುವ, ದಕ್ಷಿಣದ ಕಡೆ ಬಂದಾಗ ನಾಂದೇಡ, ಗೋಲ್ಕೊಂಡಾ ಹಾದು ಬೀದರ್‌ಗೆ ಬಂದ್ರು ಅಂತ ಹೇಳ್ತಾರ. ಜೋಡಿಗೆ ಮರ್ದಾನಾ, ರಬಾಬ್ ಅನ್ನೋ ತಂತಿ ವಾದ್ಯ ಬಾರಿಸೋ ಮುಸಲ್ಮಾನ, ಜೀವದ ಗೆಳೆಯ. ಊರೊಳಗ ಬರಲಿಲ್ಲ ಅವರು, ಊರ ಹೊರಗ ಫಕೀರರ ಗುಡಿಸಲು ಇದ್ದಲ್ಲಿ ಇಳಕೊಂಡ್ರು. ಮಂದಿ ಬಂದು ಕುಡಿಯೋ ನೀರಿಲ್ಲ, ಬಾವಿ ತೋಡಿದ್ರ ನೀರಿಲ್ಲ, ಬಂದ್ರೂ ಕುಡಿಯೋ ಹಂಗಿಲ್ಲ ಅಂತ ಗೋಳು ತೋಡಿಕೊಂಡ್ರಂತ. ಗುರುಗಳು ಸತ್ ಕರ್ತಾರ್ ಅಂದು ಕಟ್ಟಿಗಿ ಪಾದುಕೆಯಿಂದ ಒಂದು ಕಲ್ಲು ಸರಿಸಿದ್ರು, ತಣ್ಣನೆ ಸಿಹಿ ನೀರು ಹರೀಲಿಕ್ಕ ಹತ್ತಿತು. ಝೀರಾ ಅಂದ್ರ ನಮ್ಮ ಝರಿನೇ. ಈಗಿರೋ ಗುರುದ್ವಾರ ಕಟ್ಟಿದ್ದು 1948ರಾಗ.

ಯಾದಗಿರಿ ತಮ್ಮನ ಪ್ರಶ್ನೆ ಛಲೋ ಅದಾ. ಬೀದರ್ ಊರು ಕುಂತದ್ದು ಕೆಂಪು ಕಲ್ಲಿನ ದೊಡ್ಡ ಬಯಲಿನ ಮ್ಯಾಲ, ಪುಸ್ತಕದಾಗ ಜಂಬಿಟ್ಟಿಗೆ ಅಂತ ಬರೀತಾರ. ಆ ಕಲ್ಲನ್ನ ಕೈಯಾಗ ಹಿಡಿದು ನೋಡು, ತುಂಬ ತೂತು ಇರ್ತಾವ, ಹಳೇ ಜೇನಿನ ಹುಟ್ಟಿನಂಗ. ಮಳಿ ನೀರು ಅದರೊಳಗ ಸೋಸ್ಕೊಂಡು ಕೆಳಗ ಇಳೀತದ. ಕೆಳಗ ಏನದಾ? ಗಟ್ಟಿ ಕರಿಕಲ್ಲು, ನೀರು ಸುಲಭ ಬಿಡಂಗಿಲ್ಲ. ಕೆಳಗ ಹೋಗ್ಲಿಕ್ಕ ಹಾದಿ ಇಲ್ಲದ ನೀರು ಅಡ್ಡಕ್ಕ ಹರಕೋತ ಹೋಗಿ ಬಯಲು ಮುಗಿದು ಇಳಿಜಾರು ಶುರು ಆಗೋ ಅಂಚಿನಾಗ ಹೊರಗ ಬರ್ತದ. ಝೀರಾ ಇರೋದು ಬರೋಬ್ಬರಿ ಅಂಥ ಅಂಚಿನಾಗ, ಮೂರೂ ಕಡೆ ಏರು. ನರಸಿಂಹ ಝರಣಿ, ಪಾಪನಾಶ ದೇವಸ್ಥಾನದ ಹೊಂಡ, ಎಲ್ಲಾ ಅದೇ ಲೆಕ್ಕ. ಊರ ಮ್ಯಾಲಿನ ಬಯಲಿನಾಗ ಬಾವಿ ತೋಡಬೇಕಂದ್ರ ಕೆಂಪು ಕಲ್ಲು ದಾಟೋತನಕ ಆಳಕ್ಕ ಇಳಿಬೇಕು, ಅಂಚಿನಾಗ ಆದ್ರ ಒಂದು ಕಲ್ಲಿನ ಹಿಂದೇ ನೀರು ನಿಂತಿರ್ತದ. ಬಹಮನಿ ಸುಲ್ತಾನರ ಕಾಲದವರೂ ಇದನ್ನ ತಿಳಿದೇ ನೌಬಾದ್ ಹತ್ರ ನೆಲದೊಳಗ ಸುರಂಗ ಬಾವಿ ಕಡಿಸಿ ನೀರು ಒಯ್ದಾರ.

ಇದನ್ನ ಹೇಳಿದ್ರ ಕೆಲವರು ಹಂಗಾದ್ರ ಪವಾಡ ಸುಳ್ಳು ಅಂತೀರಾ ಮಾಸ್ತರ ಅಂತ ಕೇಳ್ತಾರ. ನಾ ಹಂಗ ಅನ್ನಂಗಿಲ್ಲ. ನೀರಡಿಸಿದ ಊರಿನ ಕಾಲ ಬುಡಕ್ಕೇ ನೀರಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊರಗಿಂದ ಬಂದ ಒಬ್ಬ ಜಂಗಮ ಕಲ್ಲು ಸರಿಸಿ ಕುಡೀರಿ ಅಂದ. ಅದನ್ನ ಊರು 500 ವರ್ಷ ನೆನಪಿಟ್ಟದ.

ಹಡಪದ ಮನಿಯಾಂವ:

ಮಾಸ್ತರರು ಒಂದು ದೊಡ್ಡ ಮಾತು ಬಿಟ್ರು, ನಾ ಹೇಳ್ತೀನಿ. ಸಿಖ್ಖರ ಹತ್ತನೇ ಗುರು ಗೋವಿಂದಸಿಂಗರು 1699ರ ಬೈಸಾಖಿ ದಿನ ಪಂಜಾಬದ ಆನಂದಪುರದಾಗ ಸಾವಿರಾರು ಮಂದಿ ಮುಂದ ಖಡ್ಗ ಹಿಡಿದು ನಿಂತು ತಲಿ ಕೊಡೋರು ಯಾರದೀರಿ ಅಂತ ಕೇಳಿದಾಗ ಒಬ್ಬೊಬ್ಬರಾಗಿ ಎದ್ದ ಐದು ಮಂದಿ ಅವರ ಪಂಚ ಪ್ಯಾರೇ, ಅಂದ್ರ ಐವರು ಪ್ರೀತಿಪಾತ್ರರು. ಲಾಹೋರದವ ಒಬ್ಬ, ಹಸ್ತಿನಾಪುರದವ ಒಬ್ಬ, ದ್ವಾರಕಾದವ ಒಬ್ಬ, ಜಗನ್ನಾಥ ಪುರಿಯವ ಒಬ್ಬ, ಇನ್ನೊಬ್ಬ ನಮ್ಮ ಬೀದರ್‌ದಾಂವ! ಭಾಯಿ ಸಾಹಿಬ್ ಸಿಂಗ್. ಕ್ಷೌರ ಮಾಡೋ ಮನಿತನದಾಗ ಹುಟ್ಟಿದಾಂವ, ಬೀದರ್ ಎಲ್ಲಿ ಆನಂದಪುರ ಎಲ್ಲಿ ವಿಚಾರ ಮಾಡ್ರಿ, ಆಗ ರೈಲಿಲ್ಲ ಮೋಟಾರಿಲ್ಲ.

ನಾವು ಹಡಪದರು. ನಮ್ಮ ತಾತ ಕತ್ತರಿ ಹಿಡಿದು ಊರೂರು ತಿರುಗಿ ನಮ್ಮ ಬಾಪಗ ಶಾಲಿ ಕಲಿಸ್ಯಾರ. ಮನ್ಯಾಗ ಹಡಪದ ಅಪ್ಪಣ್ಣನ ಫೋಟೋ ಅದಾ, ಬಸವಣ್ಣನ ಬಲಗೈ ಆಗಿದ್ದ ಶರಣ. ಊರಾಗ ನಮ್ಮನ್ನ ಮುಂಜಾನಿ ಎದುರಿಗೆ ಬಂದ್ರ ಅಪಶಕುನ ಅಂತಿದ್ದ ಕಾಲ ನಾನೇ ನೋಡೀನಿ. ಮೊದಲನೇ ಸಲ ಝೀರಾದ ಮ್ಯೂಸಿಯಮ್ ನೋಡ್ಲಿಕ್ಕ ಹೋದಾಗ, ಗುರು ತೇಗ್ ಬಹಾದ್ದೂರ್ ಹೆಸರಿಲೆ ಅದಾ ನೋಡ್ರಿ ಆ ಮ್ಯೂಸಿಯಮ್, ಸಿಖ್ಖರ ಇತಿಹಾಸ ಎಲ್ಲಾ ಚಿತ್ರದಾಗ ಬರೆದು ಹಾಕ್ಯಾರ, ಜೋಡಿಗಿದ್ದ ಸೇವಾದಾರರು ಈ ಐದು ಮಂದಿ ಕಥಿ ಹೇಳಿದ್ರು. ಗುರುಗಳು ಐವರಿಗೂ ಅಮೃತ ಕೊಟ್ಟು ಆಮ್ಯಾಲ ಅವರ ಮುಂದೇ ತಾವು ಕೈ ಜೋಡಿಸಿ ನಿಂತು ಈಗ ನನಗ ಅಮೃತ ಕೊಡ್ರಿ ಅಂದ್ರಂತ. ಗುರು ಶಿಷ್ಯನ ಕೈಯಾಗ ದೀಕ್ಷಾ ತಗೊಂಡದ್ದು, ಅದರಾಗ ನಮ್ಮ ಕುಲದ ಒಬ್ಬಾತನ ಕೈಯೂ ಇತ್ತು. ನಾ ಅಲ್ಲೇ ನಿಂತು ಅತ್ತೀನಿ, ಹೇಳ್ಕೊಳ್ಳಲಿಕ್ಕ ನಾಚಿಕಿ ಏನಿಲ್ಲ. ಮುಂದ ಪಂಜಾಬದ ಚಮಕೌರ ಕಾಳಗದಾಗ ಸಾಹಿಬ್ ಸಿಂಗರು ಪ್ರಾಣ ಬಿಟ್ರು.

ಅಕ್ಕಾರ, ಅವ್ವಾರಿಗೆ ಕಾಲು ನೋವಿದ್ರೂ ಮ್ಯೂಸಿಯಮ್ ಬಿಡಬ್ಯಾಡ್ರಿ, ಅರ್ಧ ತಾಸು ಸಾಕು, ಚಿತ್ರ ನೋಡಿದ್ರ ಓದು ಬರಲಿಲ್ಲಂದ್ರೂ ತಿಳೀತದ.

ಬೀದರ್ ಕೌರ್:

ಸತ್ ಶ್ರೀ ಅಕಾಲ್ ಮತ್ತ ಶರಣು. ನಾ ಬೀದರ್‌ದಾಗೇ ಹುಟ್ಟಿ ಬೆಳೆದ ಸಿಖ್ ಹೆಣ್ಮಗಳು, ಕನ್ನಡ ಸಾಲಿನಾಗೇ ಕಲಿತಾಕಿ, ಬರಿಯೋದು ತಪ್ಪಿದ್ರ ತಿದ್ದಿ ಓದ್ಕೊಳ್ರಿ. ಅಕ್ಕಾ, ನಿಮ್ಮ ಪ್ರಶ್ನೆದಾಗ ಉಳಿದದ್ದಕ್ಕ ನಾ ಉತ್ತರ ಕೊಡ್ತೀನಿ.

ಕಾಯಿ, ಕರ್ಪೂರ, ಊದಿನಕಡ್ಡಿ ಏನೂ ಬ್ಯಾಡ. ಕೊಡಬೇಕು ಅನಿಸಿದ್ರ ಗೋಧಿ ಹಿಟ್ಟು, ಬ್ಯಾಳಿ, ತುಪ್ಪ, ಏನಾದ್ರೂ ಲಂಗರ್‌ಕ್ಕ, ಅಂದ್ರ ಗುರುದ್ವಾರದ ಪುಕ್ಕಟೆ ಊಟದ ಮನಿಗೆ, ತರಬಹುದು. ರೊಕ್ಕ ಕೊಡೋದಿದ್ರ ದೇಣಿಗಿ ತಗೊಳ್ಳೋ ಖೋಲಿ ಅದಾ, ಪಾವತಿ ಕೊಡ್ತಾರ, ಅಲ್ಲಿ ಬಿಟ್ಟು ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ್ರಿ. ಊಟಕ್ಕ ಮಾತ್ರ ಒಂದು ಪೈಸಾ ಇಲ್ಲ, ಹಗಲು ರಾತ್ರಿ ಯಾವ ಹೊತ್ತಿಗೆ ಬಂದ್ರೂ ಉಣ್ಣಲಾರದ ಕಳಸಂಗಿಲ್ಲ. ಪೂರಾ ಶಾಕಾಹಾರ, ಅವ್ವಾಜಿ ನಿಶ್ಚಿಂತಿಯಿಂದ ಉಣ್ಣಲಿ.

ಪಂಗತಿದಾಗ ಕುಂತಾಗ ಒಂದು ನೆನಪಿಡ್ರಿ. ಬ್ಯಾಳಿ, ಪಲ್ಯಾ ತಾಟಿಗೆ ಹಾಕ್ತಾರ, ರೊಟ್ಟಿ ಮಾತ್ರ ತಾಟಿಗೆ ಒಗೆಯಂಗಿಲ್ಲ, ನೀವು ಎರಡೂ ಕೈ ಬೊಗಸಿ ಮಾಡಿ ಹಿಡೀಬೇಕು, ಕೈಯಾಗ ಇಡ್ತಾರ. ರೊಟ್ಟಿಗೆ ನಾವು ರೊಟ್ಟಿ ಅನ್ನಂಗೂ ಇಲ್ಲ, ಪ್ರಸಾದಾ ಅಂತೀವಿ, ನೀಡೋರು ಪ್ರಸಾದಾ ಜೀ ಪ್ರಸಾದಾ ಜೀ ಅನಕೋತ ಬರ್ತಾರ. ಹೊಟ್ಟಿಗೆ ಎಷ್ಟು ಬೇಕೋ ಅಷ್ಟು ತಗೊಳ್ರಿ, ಬಿಡಬಾರದು. ದರಬಾರದಾಗ ಕೊಡೋ ಕಡಾ ಪ್ರಸಾದನೂ ಎರಡೂ ಕೈಯಾಗ, ಹಿಟ್ಟು ತುಪ್ಪ ಸಕ್ಕರಿ ಸಮಸಮ ಹಾಕಿ ಮಾಡ್ತೀವಿ, ಕೈಗೆ ತುಪ್ಪ ಹತ್ತತದ, ಒರಸ್ಕೊಳ್ಳಲಿಕ್ಕ ಅವಸರ ಮಾಡಬ್ಯಾಡ್ರಿ.

ಅಪ್ಪಾಜಿ ಹೆಸರಿಲೆ ಸೇವಾ ಅಂದ್ರಲ್ಲ, ರೊಕ್ಕದ್ದಕ್ಕಿಂತ ಕೈಯಿಂದ ಮಾಡಿದ್ದು ನಮ್ಮಲ್ಲಿ ದೊಡ್ಡದು. ಲಂಗರ್ ಮನ್ಯಾಗ ಹೋಗಿ ಕುಂತು ಉಳ್ಳಾಗಡ್ಡಿ ಹೆಚ್ಚಲಿ, ಬ್ಯಾಳಿ ಆರಿಸಲಿ, ಕಾಲು ನೋವಿದ್ದವರಿಗೂ ಕುಂತಲ್ಲೇ ಮಾಡೋ ಕೆಲಸ ಇದ್ದೇ ಇರ್ತದ. ನಿಮ್ಮಲ್ಲಿ ಕಾಯಕ, ದಾಸೋಹ ಅಂತೀರಿ, ಗುರುನಾನಕ್ ದೇವ್ ಜೀ ಕಿರತ್ ಕರೋ, ವಂಡ್ ಛಕೋ ಅಂದ್ರು, ದುಡಿದು ತಿನ್ನು, ಹಂಚ್ಕೊಂಡು ತಿನ್ನು. ನಾ ಸಾಲಿನಾಗ ವಚನ ಓದುವಾಗ ಇದು ನಮ್ಮ ಮನಿ ಮಾತಲ್ಲಾ ಅನಸ್ತಿತ್ತು.

ಮಾಸ್ತರ್ ಜೀ, ನೀವು ಕಲ್ಲಿನ ಮಾತು ಹೇಳಿದ್ದು ನಮ್ಮ ಹುಡುಗರಿಗೂ ಹೇಳಬೇಕು, ಛಂದ ಅದಾ. ನಮಗ ಅದು ಗುರುವಿನ ಕೃಪಾ. ಆ ನೀರು ಇಲ್ಲೀತನಕ ಬಂದವರ ಕ್ಯಾನು ತುಂಬಲಿಕ್ಕತ್ತದ, ನನಗ ಅಷ್ಟು ಸಾಕು.

ಇನ್ನೊಂದು ಜಾಗಾ ಹೇಳ್ತೀನಿ, ಮಂದಿಗೆ ಭಾಳ ಗೊತ್ತಿಲ್ಲ. ಬೀದರ್‌ನಿಂದ 10-11 ಕಿ.ಮೀ. ಮ್ಯಾಲ ಜನವಾಡಾ ಅದಾ, ಅಲ್ಲಿ ಮಾಯಿ ಭಾಗೋ ಅವರ ಗುರುದ್ವಾರ. ಆನಂದಪುರದ ಮುತ್ತಿಗಿದಾಗ ಗುರುಗಳನ್ನ ಬಿಟ್ಟು ಮನಿಗೆ ಓಡಿ ಬಂದ 40 ಮಂದಿ ಗಂಡಸರನ್ನ ಒಬ್ಬ ಹೆಣ್ಮಗಳು ಬಾಯಿಗೆ ಬಂದಂಗ ಬೈದು ತಿರುಗಿ ಕರ್ಕೊಂಡು ಹೋದಾಕಿ, 1705ರ ಕಾಳಗದಾಗ ತಾನೇ ಮುಂದ ನಿಂತಾಕಿ. ಆ 40 ಮಂದಿ ಅಲ್ಲೇ ಬಲಿ ಆದ್ರು, ಆಕಿ ಗಾಯ ಆಗಿ ಉಳಿದ್ರು, ಗಂಡಸಿನ ವೇಷ ಹಾಕಿ ಗುರುಗಳ ಮೈಗಾವಲು ಆಗಿ ನಾಂದೇಡ ತನಕ ಬಂದ್ರು. 1708ರಾಗ ಗುರು ಗೋವಿಂದಸಿಂಗ್ ಜೀ ನಾಂದೇಡದಾಗ ಹೋದಮ್ಯಾಲ ನಮ್ಮ ಜನವಾಡಾಕ್ಕ ಬಂದು ಧ್ಯಾನ ಮಾಡಕೋತ ಅಲ್ಲೇ ಕೊನೀತನಕ ಇದ್ರು. ಗಂಡ ಹೋದಮ್ಯಾಲ ಗಟ್ಟಿ ನಿಂತ ಅವ್ವಾಜಿಗೆ ಆ ಜಾಗಾ ತೋರಿಸ್ರಿ ಅಂತ ನನ್ನ ಆಸೆ.

ಬೀದರ್ ಊರಾಗಿನಾಂವ:

ಒಂದು ದಿನದಾಗ ಎರಡೂ ಆಗಂಗಿಲ್ಲ ಅಕ್ಕಾರ, ಅವ್ವಾರಿಗೆ ದಣಿವಾಗ್ತದ. ಹಂಗೇ ಯಾರರೆ ನರಸಿಂಹ ಝರಣಿನೂ ನೋಡ್ಕೊಂಡು ಬರ್ರಿ ಅಂದ್ರ ಹೂಂ ಅನ್ನಬ್ಯಾಡ್ರಿ, ಅಲ್ಲಿ ಸುರಂಗದಾಗ ಎದಿಮಟ ನೀರಿನಾಗ ನಡೀಬೇಕು, ಮೊಣಕಾಲಿನವರಿಗೆ ಅಲ್ಲ ಅದು. ಈ ಸಲ ಝೀರಾ ಒಂದೇ ಇಟ್ಕೊಳ್ರಿ.

ಕಲಬುರಗಿ ಮಗಳು, ಎರಡು ವಾರ ಆದಮ್ಯಾಲ:

ಎಲ್ಲಾರಿಗೂ ಕೈ ಮುಗಿದು ಹೇಳ್ತೀನಿ, ಹೋಗಿ ಬಂದ್ವಿ. ಮೊನ್ನೆ ಬುಧವಾರ ರೈಲಿಗೆ ಹೋದ್ವಿ, ಗದ್ದಲ ಇರಲಿಲ್ಲ. ನಿಮ್ಮೆಲ್ಲಾರ ಮಾತು ನಾ ರಾತ್ರಿ ಅವ್ವಗ ಓದಿ ಹೇಳಿದ್ದೆ, ತಂಬಾಕಿನ ಸಂಚಿ ಆಕಿನೇ ದೇವರ ಮನಿ ಕಟ್ಟಿ ಮ್ಯಾಲ ಇಟ್ಟು ಬಂದಳು, ಇಡೀ ದಿನ ಕೇಳಲಿಲ್ಲ.

ಅಮೃತಕುಂಡದ ಮುಂದ ಬಂದಾಗ ಅವ್ವ ಏನೂ ಮಾತಾಡಲಿಲ್ಲ. ನೀರು ಬೊಗಸಿಯಾಗ ತಗೊಂಡು ಕುಡಿದು, ಇದೇ ರುಚಿ ನೋಡು ಅಂದಳು. ಇಷ್ಟು ವರ್ಷ ಆದಮ್ಯಾಲ ರುಚಿ ಹ್ಯಾಂಗ ನೆನಪಿರ್ತದ ಅಂತ ನನಗ ಅನಿಸ್ತು, ಆದ್ರ ನಾನೂ ಕುಡಿದಾಗ ಸಣ್ಣಾಕಿ ಇದ್ದಾಗ ಅವ್ವ ಅಳತಿ ಮಾಡಿ ಕೊಡ್ತಿದ್ದ ಆ ಸ್ಟೀಲ್ ಗ್ಲಾಸ್ ನೆನಪಾಯ್ತು. ಖರೇನೇ ಇದೇ ರುಚಿ.

ಲಂಗರ್‌ದಾಗ ಸೇವಾದಾರ ಒಬ್ರು ಅವ್ವನ ನಡಿಗಿ ನೋಡಿ ಕುರ್ಚಿ ತಂದ್ರು, ಅವ್ವ ಎಲ್ಲಾರೂ ಕೆಳಗ ಕುಂತಾರ ನನಗ್ಯಾಕ ಅಂದು ಗ್ವಾಡಿ ಹಿಡಕೊಂಡು ಕೆಳಗೇ ಕುಂತಳು. ಹತ್ತು ಹನ್ನೊಂದು ವರ್ಷದ ಹುಡುಗ, ತಲಿಗೆ ಕೇಸರಿ ಬಟ್ಟಿ ಕಟ್ಕೊಂಡಿದ್ದ, ರೊಟ್ಟಿ ಬುಟ್ಟಿ ಹಿಡ್ಕೊಂಡು ಪ್ರಸಾದಾ ಜೀ ಅಂತ ಬಂದ. ಅವ್ವ ಮರೆತು ತಾಟು ಮುಂದ ಮಾಡಿದಳು. ಹುಡುಗ ಬಗ್ಗಿ ನಿಂತು ಸುಮ್ನ ಕಾಯ್ದ. ಆಮ್ಯಾಲ ಆಕಿ ಎರಡೂ ಕೈ ಹಿಡಿದಳು, ಬಿಸಿ ರೊಟ್ಟಿ ಕೈಯಾಗ ಬಿತ್ತು. ನಾ ಬಾಜೂಕ ಕುಂತು ನೋಡ್ಲಿಕತ್ತಿದ್ದೆ, ಅಪ್ಪ ಹೇಳಿದ್ದು ಇದನ್ನೇ ಅಲ್ಲಾ ಅಂತ. ಮನ್ಯಾಗ ಅರ್ಧ ರೊಟ್ಟಿ ತಿನ್ನಾಕಿ ಎರಡು ತಿಂದಳು, ಆ ಹುಡುಗ ಮೂರನೇ ಸಲ ಬಂದಾಗ ಸಾಕಪ್ಪಾ ನನ್ನ ದೊರಿ ಅಂದು ಅವನ ಕೈ ಮುಟ್ಟಿ ಕಣ್ಣಿಗೆ ಹಚ್ಕೊಂಡಳು.

ಊಟ ಆದಮ್ಯಾಲ ಅಡಗಿ ಮನಿಗೆ ಹೋಗಿ ಹೆಣ್ಮಕ್ಕಳ ಜೋಡಿ ಕುಂತಳು. ಅವರು ಲಟ್ಟಣಿಗಿಲೆ ಲಟ್ಟಸ್ಲಿಕತ್ತಿದ್ರು, ನಮ್ಮವ್ವ ಐವತ್ತು ವರ್ಷ ಜ್ವಾಳದ ರೊಟ್ಟಿ ಬಡಿದಾಕಿ, ಉಂಡಿ ತಗೊಂಡವಳೇ ಕೈಲೆ ಬಡೀಲಿಕ್ಕ ಶುರು ಮಾಡಿದಳು. ಪಟಪಟ ಸಪ್ಪಳ ಕೇಳಿ ಎಲ್ಲಾರೂ ಲಟ್ಟಸೋದು ನಿಂದ್ರಿಸಿ ನೋಡಿದ್ರು. ಗೋಧಿ ಹಿಟ್ಟು ಎಳೀತದ, ಹಂಗ ಬರಂಗಿಲ್ಲ, ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗ ಆಯ್ತು. ಒಬ್ರು ಅಜ್ಜಿ ಆ ರೊಟ್ಟಿ ಹಂಗೇ ತಗೊಂಡು ತವಾಕ್ಕ ಹಾಕಿದ್ರು. ಅವ್ವಗ ಹಿಂದಿ ಬರಂಗಿಲ್ಲ, ಆ ಅಜ್ಜಿಗೆ ಕನ್ನಡ ಬರಂಗಿಲ್ಲ, ಒಂದು ತಾಸು ಮಾತಾಡಿದ್ರು ಇಬ್ರೂ, ಏನು ಮಾತಾಡಿದ್ರೋ. ಬಿಡುವಾಗ ಅವ್ವ ನನ್ನ ಕೈಲೆ ಅವರಿಗೆ ಹೇಳಿಸಿದಳು, ಜ್ವಾಳದ ಹಿಟ್ಟಿದ್ರ ತೋರಿಸ್ತಿದ್ದೆ ಅಂತ.

ಹಡಪದ ಅಣ್ಣಾರಿಗೆ, ಮ್ಯೂಸಿಯಮ್ ನೋಡಿದ್ವಿ. ಸಾಹಿಬ್ ಸಿಂಗರ ಕಥಿ ನಾ ಅವ್ವಗ ಅಲ್ಲೇ ಹೇಳಿದೆ, ಆಕಿ ಸೆರಗು ಸರಿ ಮಾಡ್ಕೊಂಡು ನಮಸ್ಕಾರ ಮಾಡಿದಳು.

ಕ್ಯಾನ್ ತುಂಬ್ಕೊಂಡು ಬಂದ್ವಿ. ರೈಲಿನಾಗ ಕೆಳಗ ಇಡು ಅಂದ್ರ ಕೇಳಲಿಲ್ಲ, ಕಲಬುರಗಿ ತನಕ ತೊಡಿ ಮ್ಯಾಲೇ ಹಿಡ್ಕೊಂಡಿದ್ದಳು. ಮನಿಗೆ ಬಂದು ಅಪ್ಪನ ಫೋಟೋ ಮುಂದ ಒಂದು ಗ್ಲಾಸ್ ಇಟ್ಟು, ಮರುದಿನ ಓಣಿಯಾಗ ಎಲ್ಲಾರ ಮನಿಗೂ ಅದೇ ಸ್ಟೀಲ್ ಗ್ಲಾಸಿನಾಗ ಅಳದು ಕೊಟ್ಟಳು.

ಈಗ ಜನವಾಡಾ ಯಾವಾಗ ಅಂತ ಶುರು ಆಗ್ಯಾದ. ಕೌರ್ ತಂಗಿ, ಅವ್ವ ಕೇಳ್ಲಿಕತ್ತಾಳ, ಜ್ವಾಳದ ಹಿಟ್ಟು ತಂದ್ರ ಲಂಗರ್‌ದಾಗ ತಗೊಳ್ತಾರಾ, ಎಷ್ಟು ತರಬೇಕು?

ಬೀದರ್ ಕೌರ್:

ತರ್ರಿ ಅಕ್ಕಾ, ಯಾಕ ತಗೊಳ್ಳಂಗಿಲ್ಲ. ಬರೋ ಹಿಂದಿನ ದಿನ ಇಲ್ಲಿ ಬರೀರಿ, ನಾ ಒಳಗ ಕೇಳಿ ಇಟ್ಟಿರ್ತೀನಿ. ಐದು ಕಿಲೋ ಸಾಕು. ಹಿಂದಿನ ದಿನನೇ ಬೀಸಿಸ್ಕೊಂಡು ಬರ್ರಿ, ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ ಅಂತ ನನಗೂ ಗೊತ್ತದ. ಮತ್ತ ನನಗ ಬಡಿಯೋದು ಬರಂಗಿಲ್ಲ, ಅವ್ವಾಜಿ ಬಾಜೂಕ ನನಗ ಜಾಗಾ ಹಿಡಿದಿಡಲಿಕ್ಕ ಹೇಳ್ರಿ.